ಅಜ್ಜಿಯ ಕಾಲಿಗೆ ಎಟುಕಿದ ಕಾರು

ಅಣ್ಣಾ,

ಒಂದಾನೊಂದು ಮನೆಯಲ್ಲಿ ಒಬ್ಬ ಅಣ್ಣ ಇದ್ದನಂತೆ. ಅಜ್ಜಿಯನ್ನು ಹೊಸ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸುತ್ತೇನೆಂದು ಮಾತು ಕೊಟ್ಟಿದ್ದನಂತೆ. ಸಾಲ ತಂಗಿಯ ಸಂಬಳದ ಮೇಲೆ, ಆಯ್ಕೆಯ ದರ್ಬಾರು ಮಾತ್ರ ಅವನದು. ಆರಿಸಿದ್ದು ಆನೆಯಷ್ಟು ಎತ್ತರದ ಕಾರು. ಶೋರೂಮಿನಲ್ಲಿ ಅಜ್ಜಿಗೆ ಕಾಲೆತ್ತಿ ಹತ್ತಲಾಗಲಿಲ್ಲ. “ಮುದುಕಿಗೆ ಆಟೋ ಇದೆಯಲ್ಲ, ಬಿಡ್ರೀ” ಎಂದು ಸೇಲ್ಸ್‌ನವನ ಮುಂದೆ ನಕ್ಕನಂತೆ. ತಂಗಿ ಮರುದಿನವೇ ಬ್ಯಾಂಕಿಗೆ ಹೋದಳಂತೆ.

ನಿನ್ನ ಆನೆಯ ಬುಕಿಂಗ್ ರದ್ದಾಗಿದೆ. ನೀನು ಡಬ್ಬಾ ಎಂದೆಯಲ್ಲ, ಆ ತಗ್ಗಿನ ಕಾರು ಬಾಗಿಲಿಗೆ ಬಂದಿದೆ. ಕಂತು ನನ್ನ ಕೈಗೆಟುಕುವಂಥದ್ದು, ಕೀಲಿಯೂ ನನ್ನ ಕೈಯಲ್ಲೇ ಇದೆ, ಹುಡುಕಬೇಡ.

ಯಾರ ಮುಂದೆ ಜಂಬ ಕೊಚ್ಚಿದ್ದೆಯೋ ಆ ಗೆಳೆಯರಿಗೆ ಫೋನ್ ಮಾಡಿ ಕಾರು ನಿನ್ನದಲ್ಲವೆಂದು ನೀನೇ ಹೇಳು.

ಅಳುವುದಾದರೆ ಬಚ್ಚಲಲ್ಲಿ ಅಳು, ಈಗಷ್ಟೇ ನೆಲ ಒರೆಸಿದ್ದೇನೆ.

ಎಲ್ಲಿಗಾದರೂ ಹೋಗಬೇಕಿದ್ದರೆ ಆಟೋ ಇದೆಯಲ್ಲ.

ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಮುಂದಿನ ಸೀಟಿನಲ್ಲಿ ಕೂತಾಯಿತು.