ಮನೆ ಸೊಸೆಯ ಹೆಸರಿಗೆ

ಮನೆಯಿಂದ,
ಮಾರ್ಚ್ ೧೪, ಶುಕ್ರವಾರ

ನನ್ನ ಮುದ್ದು ಸೊಸೆಗೆ,

ಹೇಗಿದ್ದೀಯಮ್ಮ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಊರವರ ಹಲ್ಲು ನೋಡಲು ಬಗ್ಗಿ ನಿಂತರೆ ನೋವು ಬಾರದೆ ಇನ್ನೇನು? ನಮ್ಮ ಚಿನಕುರಳಿಗೆ ಮುಂದಿನ ಹಲ್ಲು ಬಂತೇ? ದಂತವೈದ್ಯೆಯ ಮಗಳಾಗಿ ಬೊಚ್ಚುಬಾಯಿ ತೆರೆದು ಫೋಟೊ ತೆಗೆಸಿಕೊಂಡಿದ್ದಾಳೆ, ಕಿಲಾಡಿ. ನನ್ನ ಮಂಡಿ ಎಂದಿನಂತೆ ಗೊಣಗುತ್ತಿದೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಈಗ ಸುದ್ದಿ. ನನ್ನ ಮಗ, ಅಂದರೆ ಕೋರ್ಟು ನಿನ್ನಿಂದ ಬಿಡಿಸಿದ ಆ ಮಹಾರಾಯ, ಕಳೆದ ವಾರ ಬ್ಯಾಂಕಿನವನೊಬ್ಬನನ್ನು ಕರೆದುಕೊಂಡು ಬಂದ. ಕಾರಿನ ಬಿಡಿಭಾಗಗಳ ಅಂಗಡಿ ತೆರೆಯುತ್ತಾನಂತೆ. ಅದಕ್ಕೆ ಈ ಮನೆಯನ್ನು ಅಡವಿಡಬೇಕಂತೆ. ಬ್ಯಾಂಕಿನವನು ಗೋಡೆ ತಟ್ಟಿ, ಬಚ್ಚಲಿನ ಬಾಗಿಲು ತೆರೆದು ನೋಡಿ, ಮಲಗುವ ಕೋಣೆಯನ್ನು ಟೇಪಿನಲ್ಲಿ ಅಳೆದ. ನಾನು ಕುರ್ಚಿಯಿಂದ ಏಳಲಿಲ್ಲ. ನನ್ನ ಕಾಲು ದಾಟಿಕೊಂಡೇ ಅಳೆದ. ಮಗ ಪೆನ್ನು ಮುಂದೆ ಹಿಡಿದು, "ಒಂದು ಸಹಿ ಅಷ್ಟೇ ಅಮ್ಮ, ಮನೆ ಎಲ್ಲಿಗೂ ಓಡಿಹೋಗಲ್ಲ" ಎಂದ. "ಮನೆ ಓಡಲ್ಲ ಕಣೋ, ನಾನು ಓಡಬೇಕಾಗುತ್ತೆ. ಈ ಮಂಡಿ ಇಟ್ಕೊಂಡು ಎಲ್ಲಿಗೆ ಓಡ್ಲಿ?" ಎಂದೆ. ಬ್ಯಾಂಕಿನವನಿಗೆ ನಗು ಬಂತು. ಟೇಪು ಸುತ್ತಿಕೊಂಡು ಹೋದ.

ಮಗನ ಮೇಲೆ ನನಗೆ ದ್ವೇಷವಿಲ್ಲ. ಹೆತ್ತವಳು ನಾನು. ಬಂದರೆ ಊಟ ಹಾಕುತ್ತೇನೆ, ಹಾಸಿಗೆ ಹಾಸುತ್ತೇನೆ. ಆದರೆ ಅವನ ಹಿಂದಿನ ಅಂಗಡಿಗಳು ಏನಾದವೆಂದು ನಿನಗೂ ಗೊತ್ತು. ಅವುಗಳಲ್ಲೊಂದು ನಿನ್ನ ಬಳೆಗಳನ್ನೂ ನುಂಗಿತು. ಈ ಮನೆ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಗಂಟಲು ಸವೆಸಿ, ನನ್ನ ಹೆಸರಿನಲ್ಲಿ ಕೊಂಡದ್ದು. ನಿವೃತ್ತಿಯಾದಾಗ ಸಾಲ ಇನ್ನೂ ಉಳಿದಿತ್ತು. ಅಲ್ಲಿಂದಾಚೆಗಿನ ಕಂತುಗಳನ್ನೆಲ್ಲ ಕಟ್ಟಿದವಳು ನೀನು. ಬಸುರಿಯಾಗಿದ್ದಾಗ ಸಂಜೆ ಇನ್ನೊಂದು ಕ್ಲಿನಿಕ್ಕಿನಲ್ಲೂ ದುಡಿದು ಕಟ್ಟಿದೆ. ಒಂದು ದಿನವೂ ಎತ್ತಿ ಆಡಲಿಲ್ಲ. ಬಿಟ್ಟುಹೋಗುವಾಗ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಮಗು, ಅಷ್ಟೇ.

ಆದ್ದರಿಂದ ವಕೀಲೆಯ ಬಳಿ ಹೋಗಿ ದಾನಪತ್ರ ಬರೆಸಿದ್ದೇನೆ. ಮನೆ ನಿನಗೆ. ಉಯಿಲು ಬೇಡವೆಂದೆ, ನಾನು ಸತ್ತಮೇಲೆ ನಿನ್ನನ್ನು ಕೋರ್ಟಿಗೆ ಅಲೆಸುತ್ತಾರೆ. ಬದುಕಿರುವಾಗಲೇ ಕೊಟ್ಟರೆ ಜಗಳಕ್ಕೆ ನಾನೇ ಇರುತ್ತೇನಲ್ಲ. ನನ್ನ ಉಸಿರಿರುವ ತನಕ ಹಿಂದಿನ ಕೋಣೆ ನನಗೇ ಎಂದೂ ಬರೆಸಿದ್ದೇನೆ. ನಲ್ಲಿ ಸೋರಿದರೆ ಇನ್ನು ರಿಪೇರಿ ನಿನ್ನದು.

ಸುದ್ದಿ ಮುಟ್ಟಿದ್ದೇ ತಡ, ನನ್ನ ತಮ್ಮ ನನ್ನ ಮಗನನ್ನು ಕರೆದುಕೊಂಡು ರಾಜಿ ಮಾಡಿಸಲು ಬಂದ. "ಮಗ ಇರುವಾಗ ಹೊರಗಿನವಳಿಗೆ ಕೊಡ್ತೀಯಾ ಅಕ್ಕ?" ಎಂದ. "ಹೊರಗಿನವಳು ಸಾಲ ತೀರಿಸ್ತಿದ್ದಾಗ ಒಳಗಿನವರು ನೀವೆಲ್ಲ ಏನ್ ಮಾಡ್ತಿದ್ರಿ?" ಎಂದು ಕೇಳಿದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮಗ ಬಾಗಿಲಲ್ಲಿ ನಿಂತು, ನನಗೆ ಅರುಳುಮರುಳು ಎಂದು ಎಲ್ಲರಿಗೂ ಹೇಳುತ್ತೇನೆಂದ. ನೋವಾಯಿತು, ಸುಳ್ಳೇಕೆ ಹೇಳಲಿ. ಆದರೂ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಗುವಿಗೆ ನನ್ನ ಮುತ್ತು.

ಯಾವ ಕೋರ್ಟು ಏನೇ ಹೇಳಲಿ,
ನಿನ್ನ ಅತ್ತೆ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಗೆ ಹೊತ್ತಾಯಿತು. ನೀನು ಬಂದು ಒಪ್ಪಿ ಸಹಿ ಹಾಕದಿದ್ದರೆ ದಾನಪತ್ರ ನಡೆಯುವುದಿಲ್ಲವಂತೆ. ಇದು ಮಗನಿಗೂ ತಿಳಿದಿದೆ; ಬೇಡವೆಂದು ಬರೆದುಕೊಡು ಅಂತ ನಿನ್ನ ಹತ್ತಿರ ಬಂದೇ ಬರುತ್ತಾನೆ. ನಿನ್ನ ಸ್ವಾಭಿಮಾನ ನನಗೆ ಗೊತ್ತು, ಅವನಿಗೂ ಗೊತ್ತು. ಹೋದ ಸಲ, ಮನೆ ಬಿಡುವಾಗ, ನೀನು "ನನಗೇನೂ ಬೇಡ" ಅಂದೇ ಹೋದೆ. ಈ ಸಲ ಬೇಕು ಅನ್ನು. ಮುಂದಿನ ಗುರುವಾರ ಬೆಳಗ್ಗೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಬರದಿದ್ದರೆ ಶುಕ್ರವಾರವೂ ಅಲ್ಲೇ ಕೂರುತ್ತೇನೆ.