ಹೆಪ್ಪುಗಲ್ಲನ್ನು ತೊಳೆಯುವುದಿಲ್ಲ

ಹೊಸದಡ, ಇಸವಿ 2191, ಉಬ್ಬರ ತಿಂಗಳ ಮೂವತ್ತನಾಲ್ಕನೆಯ ದಿನ

ಯಶವಂತಿ ಅಜ್ಜಿಗೆ,

ಈ ದಿನ ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಹುಡುಕಬೇಡಿ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನನಗೀಗ ಎಪ್ಪತ್ತೊಂದು, ಈ ಕಾಗದ ಓದುವ ನಿಮಗೆ ಇಪ್ಪತ್ತೊಂಬತ್ತು. ಆದರೂ ಆರು ತಲೆಮಾರು ಹಿಂದಿನವರನ್ನು ಅಜ್ಜಿ ಎನ್ನದೆ ಇನ್ನೇನು ಕರೆಯಲಿ? ಬಾಡಿಗೆ ಮನೆಯ ಹಾಲ್‌ನಲ್ಲಿ ನೀವಿಟ್ಟಿರುವ ಉಪ್ಪುನೀರಿನ ಟ್ಯಾಂಕ್ ಬಗ್ಗೆ ಬರೆಯುತ್ತಿರುವ ಆ ನೋಟ್‌ಬುಕ್ ಈಗ ನನ್ನ ಕೈಯಲ್ಲಿದೆ.

ನಿಮಗೆ ಹವ್ಯಾಸವಾಗಿದ್ದದ್ದು ನಮಗೆ ಸಂಸಾರದ ಭಾಗ. ನಮ್ಮ ದಡದ ಹವಳವೆಲ್ಲ ಸತ್ತ ಮೇಲೆ, ಊರಿನ ಮುನ್ನೂರ ನಲವತ್ತು ಮನೆಗಳಲ್ಲೂ ಕಿಟಕಿಯ ಪಕ್ಕ ನಿಮ್ಮ ಟ್ಯಾಂಕಿನಂಥದೇ ಒಂದೊಂದು ಮನೆಗಡಲು ಇದೆ; ಅಲ್ಲಿ ಬೆಳೆದ ಹವಳವನ್ನು ವರ್ಷಕ್ಕೊಮ್ಮೆ ಸಮುದ್ರಕ್ಕೆ ಒಪ್ಪಿಸಿ ಬರುತ್ತೇವೆ. ಬೆಳಿಗ್ಗೆ ಮಕ್ಕಳು ಹಲ್ಲುಜ್ಜುವ ಮೊದಲು ಉಪ್ಪುಗಣ್ಣಿನಲ್ಲಿ, ಅಂದರೆ ನೀರಿನ ಉಪ್ಪು ತೋರಿಸುವ ಪುಟ್ಟ ಕೊಳವೆಯಲ್ಲಿ, ಇಣುಕುತ್ತಾರೆ; ಆವಿಯಾಗಿ ಹೋದಷ್ಟು ಸಿಹಿನೀರು ಹೊಯ್ಯುತ್ತಾರೆ. ಹೊಸ ಸಂಸಾರ ಹೂಡುವವರಿಗೆ ತಾಯಂದಿರು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಹೆಪ್ಪುಗಲ್ಲು ಕೊಡುತ್ತಾರೆ. ಹಳೆಯ ಮನೆಗಡಲಿನ ಕಲ್ಲು ಅದು. ಹಾಲಿಗೆ ಮೊಸರು ಹಾಕಿದ ಹಾಗೆ, ಹೊಸ ನೀರಿಗೆ ಅದನ್ನು ಹಾಕಬೇಕು. ಮೀನಿನ ಹೊಲಸು ಅಮೋನಿಯಾ ಎಂಬ ವಿಷವಾಗುತ್ತದೆ. ಕಲ್ಲಿಗೆ ಅಂಟಿದ ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನು ತಿಂದು ಇನ್ನೊಂದು ವಿಷ ಮಾಡುತ್ತದೆ, ಇನ್ನೊಂದು ಜಾತಿ ಅದನ್ನೂ ತಿಂದು ನಿರುಪದ್ರವಿ ಮಾಡುತ್ತದೆ, ಕಲ್ಲಿನ ಗಾಳಿಯಾಡದ ಹೊಟ್ಟೆಯಲ್ಲಿರುವ ಮೂರನೆಯದು ಉಳಿದದ್ದನ್ನು ಗಾಳಿಗೆ ಬಿಡುತ್ತದೆ. ಹೆಪ್ಪಿಲ್ಲದಿದ್ದರೆ ನಲವತ್ತು ದಿನ ಬರೀ ನೀರು ನೋಡುತ್ತಾ ಕೂರಬೇಕು.

ಇಷ್ಟು ತಿಳಿಯದವರು ನಮ್ಮ ನಗರಸಭೆಯಲ್ಲಿ ಕುಳಿತಿದ್ದಾರೆ! ಹೊರಗಿನ ಅತಿಥಿಗಳು ಬರುತ್ತಾರಂತೆ, ಕಲ್ಲುಗಳ ಮೇಲಿನ ಕಂದು ಪೊರೆ ಕೊಳಕಾಗಿ ಕಾಣುತ್ತದಂತೆ. ಬರುವ ಮಂಗಳವಾರ ಎಲ್ಲ ಮನೆಗಳ ಕಲ್ಲುಗಳನ್ನೂ ಬ್ಲೀಚ್ ಹಾಕಿ ತೊಳೆಯಬೇಕೆಂದು ಆದೇಶ ಹೊರಟಿತು. ಅದನ್ನು ಹಿಡಿದುಕೊಂಡು ನಮ್ಮ ಬೀದಿಗೆ ಬಂದವನು ತೇಜಪಾಲ, ನಗರಸಭೆಯ ಅರ್ಧ ತಲೆ ನರೆತ ಇನ್‌ಸ್ಪೆಕ್ಟರ್.

"ಒಂದು ಸಲ ತಿಕ್ಕಿಬಿಡಿ ದೊಡ್ಡಮ್ಮ, ಎಂತ ಆಗುದಿಲ್ಲ."

"ನೀನು ಮೊದಲು ನಿನ್ನ ಹೊಟ್ಟೆಗೆ ಬ್ಲೀಚ್ ಹಾಕಿ ತೊಳ್ಕೊಂಡು ಬಾ. ಮೊಸರನ್ನ ಅರಗ್ತದಾ ನೋಡುವ."

ಸಭೆಗೂ ಹೋದೆ. ನಿಮ್ಮ ನೋಟ್‌ಬುಕ್ ಬಿಚ್ಚಿ ಓದಿದೆ. ನಿಶ್ಚಿತಾರ್ಥಕ್ಕೆ ನೆಂಟರು ಬರುತ್ತಾರೆಂದು ನೀವು ಟ್ಯಾಂಕ್‌ನ ಕಲ್ಲುಗಳನ್ನೆಲ್ಲ ಸಾಬೂನು ಹಾಕಿ ನಲ್ಲಿ ನೀರಲ್ಲಿ ಉಜ್ಜಿದ್ದು, ನೆಂಟರು ಹೊಗಳಿದ್ದು, ಐದನೆಯ ದಿನ ಎರಡು ಕಿತ್ತಳೆ ಮೀನುಗಳಲ್ಲಿ ಒಂದು ಸತ್ತು ಇನ್ನೊಂದು ಮೇಲೆ ಬಂದು ಬಾಯಿ ಬಿಡುತ್ತಿದ್ದದ್ದು. ಆಗ ಪಕ್ಕದ ಮನೆಯ ಝುಬೈದಾ ಬಂದಳು. ಹಿಂದೊಮ್ಮೆ ನೀವೇ ಅವಳಿಗೆ ಕೊಟ್ಟಿದ್ದ ಕಲ್ಲು ಅವಳ ಕೈಯಲ್ಲಿತ್ತು. "ನಿಂದೇ ಹೆಪ್ಪು, ತಕೋ ಮಾರಾಯ್ತಿ. ಇನ್ನೊಂದು ಸಲ ಸಾಬೂನು ಮುಟ್ಟಿದರೆ ಕೈ ಮುರೀತೇನೆ" ಎಂದಳಂತೆ. ನಮ್ಮೂರಿನ ಎಲ್ಲ ಹೆಪ್ಪುಗಲ್ಲುಗಳೂ ಅದರ ಸಂತಾನ.

ನಾನು ಸಭೆಯಲ್ಲಿ ಕೇಳಿದ್ದು ಇಷ್ಟೇ: ನಮ್ಮ ಅಜ್ಜಿಗೆ ಒಂದು ಪಕ್ಕದ ಮನೆಯಿತ್ತು. ಮುನ್ನೂರ ನಲವತ್ತು ಮನೆಗಳನ್ನೂ ಒಂದೇ ದಿನ ತೊಳೆದರೆ ನಮಗೆ ಯಾವ ಪಕ್ಕದ ಮನೆ ಉಳಿಯುತ್ತದೆ? ನಕ್ಕರು. ಮುಂದಿನ ವಿಷಯಕ್ಕೆ ಹೋದರು.

ನಿನ್ನೆ ಮಧ್ಯಾಹ್ನ ತೇಜಪಾಲ ನನ್ನ ಬಾಗಿಲಿಗೆ ಬಂದ, ಕೈಯಲ್ಲಿ ಆದೇಶವಿರಲಿಲ್ಲ, ಬಕೆಟ್ ಇತ್ತು. ಜನರಿಗೆ ಮಾದರಿಯಾಗಲೆಂದು ಅವನು ತನ್ನ ಮನೆಯ ಕಲ್ಲುಗಳನ್ನು ಒಂದು ವಾರ ಮೊದಲೇ ತೊಳೆದಿದ್ದನಂತೆ.

"ಮೀನು ಮೇಲೆ ಬಂದು ಬಾಯಿ ಬಿಡ್ತಾ ಉಂಟು ದೊಡ್ಡಮ್ಮ. ಮಗಳು ಊಟ ಬಿಟ್ಟಿದ್ದಾಳೆ."

ಅವನನ್ನು ಇನ್ನೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಲ್ಲಿಸಬೇಕೆಂದು ಮನಸ್ಸಿತ್ತು. ಮಗಳ ಮಾತು ಬಂದ ಮೇಲೆ ಆಗಲಿಲ್ಲ. ಅರ್ಧ ನೀರು ಬದಲಿಸು, ಎರಡು ದಿನ ಮೀನಿಗೆ ತಿನ್ನಲು ಹಾಕಬೇಡ ಎಂದು ಹೇಳಿ ನನ್ನಲ್ಲಿದ್ದ ಅತಿ ದೊಡ್ಡ ಕಲ್ಲನ್ನು ಅವನ ಬಕೆಟ್‌ಗೆ ಇಳಿಸಿದೆ. ಮಂಗಳವಾರ ಬ್ಲೀಚ್ ಡ್ರಮ್ ಉರುಳಿಸಿಕೊಂಡು ಬೀದಿಗೆ ಬರಬೇಕಾದವನು ಅವನೇ. ನನ್ನ ಕಲ್ಲು ಅವನ ಮನೆಯಲ್ಲಿರುವಾಗ ಯಾವ ಮುಖ ಹೊತ್ತು ಬರುತ್ತಾನೆ, ನೋಡುತ್ತೇನೆ. ನಾನಂತೂ ತೊಳೆಯುವುದಿಲ್ಲ.

ಅಜ್ಜಿ, ಈ ಕಾಗದ ನಿಮಗೆ ಝುಬೈದಾ ಮೊದಲ ಸಲ ಕಲ್ಲು ಕೇಳಿದ ದಿನ ಸಿಗಲಿ ಎಂದು ನನ್ನ ಆಸೆ. "ಅವಳು ಸರಿಯಾಗಿ ನೋಡಿಕೊಳ್ಳುವುದಿಲ್ಲ, ನಾಳೆ ನೋಡುವ" ಎಂದು ಆ ದಿನ ಬರೆದಿದ್ದೀರಿ. ಮರುದಿನದ ಪುಟದಲ್ಲಿ: "ಕೊಟ್ಟೆ. ಅತಿ ಸಣ್ಣದು." ನೆಂಟರು ಬರುವಾಗ ನೀವು ಸಾಬೂನು ಹಿಡಿಯುವುದನ್ನು ನಾನು ತಡೆಯಲಾರೆ, ನೀವು ಯಾರ ಮಾತೂ ಕೇಳುವವರಲ್ಲ ಎಂದು ನಿಮ್ಮ ಅಕ್ಷರವೇ ಹೇಳುತ್ತದೆ. ಆದರೆ ಇವತ್ತು ಅವಳು ಬಾಗಿಲಲ್ಲಿ ನಿಂತಿದ್ದಾಳೆ. ನಾಳೆ ಎನ್ನಬೇಡಿ. ದೊಡ್ಡದನ್ನೇ ಕೊಡಿ.

ನಿಮ್ಮ
ವಾರಿಜಾ ಕುಂದರ್