ಹಿಡಿಯೊಳಗಿನ ತುಕ್ಕು

ಹಾಸ್ಟೆಲ್, ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು
ಭಾನುವಾರ, ಒಂಬತ್ತನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ರೂಮಿನ ಬಿಸಿಗೆ ಕೈಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಅಮ್ಮ ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ, ಇಲ್ಲ ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲವೋ? ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ ಗಿರ ಏನೂ ಇಲ್ಲ. ಮೆಸ್ಸಿನ ಊಟಕ್ಕೆ ಹೊಟ್ಟೆ ಒಗ್ಗಿದೆ, ರೂಮ್‌ಮೇಟ್‌ಳ ಗೊರಕೆಗೆ ಕಿವಿ ಒಗ್ಗಿದೆ. ತಲೆಯೊಂದು ಯಾವುದಕ್ಕೂ ಒಗ್ಗುತ್ತಿಲ್ಲ. ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂತು. ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ನಾನು ಗಾಜಿನ ಸಾಮಾನು ಕೈಗೆತ್ತಿಕೊಂಡರೆ ಪಕ್ಕದವಳು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ನೀವು ಇಟ್ಟ ಹೆಸರು ಇಲ್ಲಿಗೂ ಬಂದುಬಿಟ್ಟಿದೆ, ಎಲ್ಲರೂ ‘ಗಡಿಬಿಡಿ’ ಎಂದೇ ಕರೆಯುತ್ತಾರೆ. ನಾನೇ ಬಾಯಿಬಿಟ್ಟು ಹೇಳಿದ್ದು, ತಪ್ಪು ನನ್ನದೇ.

ತಪ್ಪು ಎಂಬ ಮಾತು ಬಂದಿದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸೆಖೆಯ ಬಗ್ಗೆ ಬರೆದು ಪುಟ ತುಂಬಿಸುತ್ತೇನೆ. ನಿಮ್ಮ ಆ ಹಳೆಯ ಜಪಾನೀ ಕತ್ತಿಯನ್ನು ಹಾಳುಮಾಡಿದ್ದೇನೆ. ಪೂರ್ತಿ ಅಲ್ಲ. ಆದರೆ ಸರಿಮಾಡಲು ಬರುವಂಥದ್ದೂ ಅಲ್ಲ. ದಯವಿಟ್ಟು ಕೂತು ಓದಿ.

ಹೋದ ತಿಂಗಳು ಹಡಗಿನ ಫೋನಿನಲ್ಲಿ ನೀವು ಮೂರು ಪ್ರಶ್ನೆ ಕೇಳಿದಿರಿ. ಬೀರುವಿನಲ್ಲಿ ತೇವ ಇದೆಯಾ, ಕತ್ತಿಗೆ ಎಣ್ಣೆ ಬದಲಾಯಿಸಿ ಎಷ್ಟು ದಿನವಾಯಿತು, ಊಟ ಆಯ್ತಾ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ನಿಮ್ಮ ರಜೆ ಎರಡು ಸಲ ಮುಂದಕ್ಕೆ ಹೋಗಿ, ಆರು ತಿಂಗಳಿಗೊಮ್ಮೆ ಬದಲಾಗಬೇಕಾದ ಎಣ್ಣೆ ಹದಿನಾಲ್ಕು ತಿಂಗಳಿಂದ ಹಾಗೇ ಇತ್ತು. ಅಮ್ಮನಿಗೆ ಹೇಳಿದರೆ, “ಆ ಕಬ್ಬಿಣಕ್ಕೆ ಹಚ್ಚೋ ಎಣ್ಣೇನ ನನ್ನ ಮೊಣಕಾಲಿಗೆ ಹಚ್ಚಿದ್ರೆ ಇಷ್ಟೊತ್ತಿಗೆ ನಾನು ಓಡ್ತಿದ್ದೆ ಕಣೇ” ಎಂದರು. ಆಸ್ಪತ್ರೆಯಲ್ಲಿ ದಿನವಿಡೀ ಸೂಜಿ ಕತ್ತರಿ ಹಿಡಿಯುವ ನರ್ಸಮ್ಮ ಆ ಬೀರುವನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾಗಿ ಹೋದ ಶನಿವಾರ ನಾನೇ ಬಸ್ಸು ಹತ್ತಿದೆ. ಕತ್ತಿಗೆ ಎಣ್ಣೆ ಹಚ್ಚಲು ಲೀವ್ ಬೇಕೆಂದು ವಾರ್ಡನ್‌ಗೆ ಬರೆದುಕೊಡಲು ಆಗುತ್ತದೆಯೇ? ‘ಮನೆಯಲ್ಲಿ ತುಂಬ ವಯಸ್ಸಾದವರೊಬ್ಬರನ್ನು ನೋಡಿಕೊಳ್ಳಬೇಕು’ ಎಂದು ಬರೆದೆ. ಕತ್ತಿಗೆ ಮುನ್ನೂರು ವರ್ಷ, ಸುಳ್ಳೇನಲ್ಲವಲ್ಲ.

ಎಲ್ಲ ನೀವು ಮಾಡುವಂತೆಯೇ ಮಾಡಿದೆ, ಅಪ್ಪಾ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದೆ. ಉಂಗುರ, ವಾಚು ತೆಗೆದಿಟ್ಟೆ. ಎಂಜಲಿನ ಹನಿ ಅಲಗಿಗೆ ಸಿಡಿಯಬಾರದೆಂದು ಮಡಿಸಿದ ಕಾಗದವನ್ನು ತುಟಿಗಳ ನಡುವೆ ಹಿಡಿದೆ. ಹರಿತದ ಕಡೆ ಮೇಲೆ ಮಾಡಿ ಒರೆಯಿಂದ ನಿಧಾನ ಎಳೆದೆ. ಹಳೆಯ ಎಣ್ಣೆಯನ್ನು ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಒರೆಸಿದೆ, ಉಳಿದ ಎಣ್ಣೆ ಹೀರಲೆಂದು ರೇಷ್ಮೆಯ ಉಂಡೆಯಿಂದ ಕಲ್ಲಿನ ಪುಡಿ ತಟ್ಟಿದೆ, ಮತ್ತೆ ಒರೆಸಿದೆ. ಕಿಟಕಿಯ ಬೆಳಕಿಗೆ ಓರೆ ಹಿಡಿದಾಗ ಹರಿತದ ಉದ್ದಕ್ಕೂ ಆ ಮಂಜಿನಂಥ ಬಿಳಿ ಅಲೆ ಎದ್ದಿತು. ಒಂದು ಕೆಂಪು ಚುಕ್ಕೆಯೂ ಇರಲಿಲ್ಲ. ಎಣ್ಣೆಯ ಬಾಟಲಿ ತೆರೆದಾಗ ಲವಂಗದ ವಾಸನೆ ಬಂತು ನೋಡಿ, ನೀವೇ ಕೋಣೆಗೆ ಬಂದಂತಾಯಿತು. ನಗಬೇಡಿ, ನಾನು ನಿಜವಾಗಿ ಬಾಗಿಲ ಕಡೆ ತಿರುಗಿ ನೋಡಿದೆ.

ಹೊಸ ಎಣ್ಣೆ ತೆಳ್ಳಗೆ ಹಚ್ಚಿ ಅಲ್ಲಿಗೆ ನಿಲ್ಲಿಸಿದ್ದರೆ ಈ ಕಾಗದ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಹಿಡಿ ಬಿಚ್ಚುವ ಕೆಲಸವನ್ನು ನೀವು ಯಾವತ್ತೂ ನನಗೆ ಕೊಟ್ಟವರಲ್ಲ. ಆ ಹೊತ್ತಿಗೆ ನಾನು ಪುಡಿ, ಕಾಗದಗಳನ್ನು ಡಬ್ಬಿಗೆ ತುಂಬುತ್ತಿರಬೇಕು, ಹಿಡಿಯೊಳಗೆ ಏನಿದೆ ಎಂದು ಸರಿಯಾಗಿ ನೋಡಿಯೇ ಇರಲಿಲ್ಲ. ಈ ಸಲ ಕೊಡದಿರಲು ನೀವಿರಲಿಲ್ಲ. ಬಿದಿರಿನ ಮೊಳೆ ಹೊರಗೆ ತಳ್ಳಿದೆ, ನೀವು ಮಾಡುವಂತೆ ಹಿಡಿದ ಕೈಯ ಮಣಿಕಟ್ಟಿನ ಮೇಲೆ ಮುಷ್ಟಿಯಿಂದ ಗುದ್ದಿದೆ. ಹಿಡಿ ಕಳಚಿತು, ಹಿಡಿಗೂ ಅಲಗಿಗೂ ನಡುವೆ ಕೂರುವ, ಎರಡು ಹೆಬ್ಬಾತುಗಳ ಕೆತ್ತನೆಯ ಆ ಕಬ್ಬಿಣದ ಬಿಲ್ಲೆ, ನಿಮ್ಮ ತ್ಸುಬಾ, ಕೈಗೆ ಬಂತು. ಹಿಡಿಯೊಳಗೆ ಅಡಗಿದ್ದ ಕತ್ತಿಯ ಬುಡ ನೋಡಿದರೆ ಕಪ್ಪು ಕಂದು ತುಕ್ಕು! ಹದಿನಾಲ್ಕು ತಿಂಗಳ ನಮ್ಮ ಅಸಡ್ಡೆ ಹೀಗೆ ತಿಂದುಹಾಕಿದೆ, ಇನ್ನು ಬಿಟ್ಟರೆ ಅಲಗಿಗೂ ಹತ್ತುತ್ತದೆ ಎಂದುಕೊಂಡೆ. ವರ್ಕ್‌ಶಾಪಿನ ಬ್ಯಾಗಿನಲ್ಲಿ ನಯವಾದ ಉಪ್ಪುಕಾಗದ ಇತ್ತು, ಬಚ್ಚಲಿನಲ್ಲಿ ಟೂತ್‌ಪೇಸ್ಟ್ ಇತ್ತು. ಉಜ್ಜಿದೆ. ಮುಕ್ಕಾಲು ಗಂಟೆ ಉಜ್ಜಿದೆ. ಒಂದು ಮಗ್ಗುಲು ಹೊಸ ಚಮಚದಂತೆ ಫಳಫಳ ಹೊಳೆಯಿತು. ಅಪ್ಪ ನೋಡಿ ಏನನ್ನುತ್ತಾರೋ ಎಂದು ಹಿಗ್ಗಿದೆ, ಅಪ್ಪಾ. ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಕತ್ತಿ ಮಾಡಿದವನು ಕೊರೆದ ಹೆಸರಿನ ಕೊನೆಯ ಅಕ್ಷರದ ಮೇಲೆ ಕೈ ಇಟ್ಟಿದ್ದೆ. ಕಾಲಿಂಗ್ ಬೆಲ್ ಆಯಿತು.

ಗಡಿಯಾರ ರಿಪೇರಿಯ ಮಾಮ, ನಮ್ಮ ಗೋಡೆ ಗಡಿಯಾರ ವಾಪಸ್ಸು ಕೊಡಲು ಬಂದಿದ್ದರು. ನಿಮ್ಮ ಕತ್ತಿಹುಚ್ಚಿಗೆ ನಮ್ಮೂರಿನಲ್ಲಿರುವ ಒಬ್ಬರೇ ಜೊತೆಗಾರರು. ಮೇಜಿನತ್ತ ನೋಡಿದವರು ಗಡಿಯಾರವನ್ನು ಕುರ್ಚಿಯ ಮೇಲಿಟ್ಟು ತಾವು ನೆಲದ ಮೇಲೆ ಕೂತುಬಿಟ್ಟರು. “ಅಯ್ಯೋ ಪುಣ್ಯಾತ್ಗಿತ್ತೀ! ಮುನ್ನೂರು ವರ್ಷ ಕೂತು ಬಂದ ಬಣ್ಣ ಕಣೇ ಅದು. ಅಲಗನ್ನ ಎಷ್ಟು ಬೇಕಾದ್ರೂ ಹೊಳಪು ಮಾಡ್ತಾರೆ, ಹಿಡಿಯೊಳಗಿಂದನ್ನ ಯಾರಾದ್ರೂ ಮುಟ್ತಾರಾ? ಆ ತುಕ್ಕು ನೋಡೇ ಅಲ್ವಾ ಕತ್ತಿಗೆ ವಯಸ್ಸೆಷ್ಟು ಅಂತ ಹೇಳೋದು! ನಿಮ್ಮಪ್ಪ ಹೇಳಿಲ್ವಾ?” ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದರೆ ಇದೇ.

ನೀವು ಹೇಳಿರಲಿಲ್ಲ. ಇದು ದೂರಲ್ಲ ಅಪ್ಪಾ, ನನ್ನ ಮೇಲಾಣೆ. ಕತ್ತಿ ಹೊರಗಿದ್ದಷ್ಟು ಹೊತ್ತು ನಾವು ಮಾತಾಡಬಾರದು. ಕತ್ತಿ ಒರೆಗೆ ಹೋದ ಮೇಲೆ ನಿಮಗೆ ಹಡಗಿನ ಕಾಗದಪತ್ರ, ನನಗೆ ಹಾಸ್ಟೆಲಿನ ಬಸ್ಸು. ಐದನೇ ಕ್ಲಾಸಿನಿಂದ ನೆನೆಸಿಕೊಂಡರೆ ನಾವಿಬ್ಬರೂ ಜೊತೆಯಾಗಿ ಕೂತದ್ದು ಹೆಚ್ಚಾಗಿ ಆ ಮೇಜಿನ ಎರಡು ಬದಿಗೆ, ಬಾಯಲ್ಲಿ ಕಾಗದ ಕಚ್ಚಿಕೊಂಡು. ನಾನು ವರ್ಷವಿಡೀ ಆ ಹೊತ್ತಿಗೇ ಕಾಯುತ್ತಿದ್ದೆ. ನೀವು ಕಣ್ಣು ಹೊರಳಿಸಿದರೆ ಪುಡಿ ಬೇಕು, ಹುಬ್ಬು ಎತ್ತಿದರೆ ಸಾಕು. ರೂಮಿನ ಹುಡುಗಿಯರೆಲ್ಲ ತಮ್ಮ ಅಪ್ಪಂದಿರ ಜೋಕು ಹೇಳಿ ನಗುವಾಗ ನಾನು ನಿಮ್ಮ ಹುಬ್ಬುಗಳನ್ನು ನೆನೆಸಿಕೊಳ್ಳುತ್ತೇನೆ. ಆದರೆ ಬುಡದ ತುಕ್ಕು ತೆಗೆಯಬಾರದು ಎಂಬುದು ಹುಬ್ಬಿನಲ್ಲಿ ಹೇಳುವ ಸಂಗತಿಯಲ್ಲ, ಅಲ್ಲವೇ?

ಮಾಮ ಆಮೇಲೆ ನನ್ನ ಮುಖ ನೋಡಿ ಕರಗಿದರು. ಅವರ ಅಂಗಡಿಯಲ್ಲಿ ಒಂದು ದ್ರಾವಣ ಇದೆಯಂತೆ. “ಎರಡೇ ದಿನ ಬಿಡು, ಕಂದು ಬಣ್ಣ ಬರುತ್ತೆ. ನಾನು ಯಾರ ಕತ್ತಿಗೂ ಹೀಗೆ ಮಾಡೋನಲ್ಲ. ನೀನು ಅಳ್ತಿದ್ದೀಯ ಅಂತ.” ಚಿಕ್ಕ ಬಾಟಲಿಯನ್ನು ಮರುದಿನ ತಂದೂ ಕೊಟ್ಟರು. ಅಪ್ಪಾ, ಅದನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕೂತಿದ್ದೆ. ಹಚ್ಚಿದ್ದರೆ ನಿಮಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಆದರೆ ಮುಂದೆ ಪ್ರತಿ ರಜೆಯಲ್ಲೂ ನೀವು ಹಿಡಿ ಬಿಚ್ಚುವಾಗ ನಾನು ಡಬ್ಬಿಯ ಕಡೆ ಮುಖ ಮಾಡಿ ಕೂರಬೇಕಾಗುತ್ತಿತ್ತು. ಆಗ ಮಾತಿಲ್ಲದೆ ಕೂರುವ ಸುಖವೂ ಹೋಗುತ್ತಿತ್ತು. ಬಾಟಲಿಯನ್ನು ವಾಪಸ್ಸು ಕೊಟ್ಟುಬಂದೆ. ಮಾಮ ಬುಡವನ್ನು ಒಣಬಟ್ಟೆಯಿಂದ ಒರೆಸಿ ಹಿಡಿ ಕೂರಿಸಿದ್ದಾರೆ. ಹೆಸರಿನ ಅಕ್ಷರಗಳು ಓದಲು ಬರುತ್ತವಂತೆ; ಕೊನೆಯದರ ಅಂಚು ಮಾತ್ರ ಹೊಳೆಯುತ್ತದೆ. ಮೊದಲು ಉಜ್ಜಿದ ಮಗ್ಗುಲಂತೂ ಹೋಯಿತು. ನಾವ್ಯಾರೂ ಇಲ್ಲದ ಕಾಲಕ್ಕೆ ಅದು ಮತ್ತೆ ಕಪ್ಪಾಗುತ್ತದೆ ಎಂದರು ಮಾಮ. ಸಮಾಧಾನಕ್ಕೆ ಹೇಳಿದ್ದಿರಬೇಕು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅಂದು ಸಂಜೆ ಡ್ಯೂಟಿಯಿಂದ ಬಂದವರು “ಏನೇ ಇದು” ಎನ್ನುವಷ್ಟರಲ್ಲಿ “ನಾನೇನೂ ಮಾಡಿಲ್ಲ!” ಎಂದು ಕೂಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. “ಟೂತ್‌ಪೇಸ್ಟ್ ಎಲ್ಲಿ ಹೋಯ್ತು ಅಂತ ಕೇಳೋಕ್ ಬಂದ್ರೆ ಇವಳದೊಂದು” ಎಂದು ಒಳಗೆ ಹೋದರು.

ನನ್ನ ಹೆದರಿಕೆ ಬೈಗುಳದ್ದಲ್ಲ. ನೀವು ನನ್ನನ್ನು ಬೈದದ್ದೇ ನೆನಪಿಲ್ಲ, ಅದಕ್ಕೂ ಹೊತ್ತು ಬೇಕಲ್ಲ. ಮನೆಗೆ ಬಂದವರು ಪೆಟ್ಟಿಗೆ ಕೆಳಗಿಟ್ಟು ಮೊದಲು ಆ ಬೀರುವಿನ ಹತ್ತಿರ ಹೋಗುತ್ತೀರಿ. “ಹೋಗಿ, ಮೊದಲು ನನ್ನ ಸವತೀನ ಮಾತಾಡಿಸ್ಕೊಂಡು ಬನ್ನಿ” ಎಂದು ಅಮ್ಮ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನನಗೆ ನಿಮ್ಮ ಹತ್ತಿರ ಕೂರಲು ಸಿಕ್ಕಿದ್ದು ಅವಳ ದೆಸೆಯಿಂದಲೇ. ಈಗ ಅವಳ ಮೇಲಿನ ನಿಮ್ಮ ಮನಸ್ಸು ಮುರಿದರೆ, ನಾವಿಬ್ಬರೂ ಎದುರುಬದುರು ಕೂರಲು ಇನ್ನೇನು ನೆಪವಿದೆ ಎಂಬುದೇ ನನ್ನನ್ನು ಓದಲು ಬಿಡುತ್ತಿಲ್ಲ.

ಬೆನ್ನಿಗೆ ಮುಲಾಮು ಹಚ್ಚಿ. ಎಂಜಿನ್ ರೂಮಿನ ನಿಮ್ಮ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅಲೆಗಳು ನಿಮ್ಮನ್ನು ಮೆಲ್ಲಗೆ ತಂದು ಬಿಡಲಿ.

ಕಾಲಿಗೆರಗುವ,
ನಿಮ್ಮ ಗಡಿಬಿಡಿ

ಇನ್ನೊಂದು ಮಾತು: ಪೋಸ್ಟ್ ಡಬ್ಬಿಗೆ ಹಾಕಲು ಹೊರಟವಳು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಇಪ್ಪತ್ತನೇ ತಾರೀಖು ಹಡಗು ಬರುತ್ತದೆ, ಈ ಸಲ ರಜೆ ಗ್ಯಾರಂಟಿ ಎಂದು ಅಮ್ಮ ಈಗಷ್ಟೇ ಫೋನ್ ಮಾಡಿದರು. ಬಂದರಿನಿಂದ ನೇರ ಮನೆಗೆ ಹೋಗಬೇಡಿ ಅಪ್ಪಾ. ಮೊದಲು ಇಲ್ಲಿಗೆ ಬನ್ನಿ. ಗೇಟಿನಲ್ಲಿ ರಿಜಿಸ್ಟರ್ ಕೊಡುತ್ತಾರೆ, ಅದರಲ್ಲಿ ‘ಸಂಬಂಧ’ ಎಂದು ಒಂದು ಕಾಲಂ ಇದೆ. ಇಷ್ಟು ವರ್ಷ, ಎರಡು ಹಾಸ್ಟೆಲುಗಳಲ್ಲಿ, ನನ್ನ ಹೆಸರಿನ ಮುಂದೆ ಅಮ್ಮ ‘ತಾಯಿ’ ಎಂದು ಬರೆದಿದ್ದಾರೆ, ಒಂದು ಸಲ ಮಾಮ ‘ಬೇಕಾದವರು’ ಎಂದು ಬರೆದಿದ್ದಾರೆ. ಇನ್ನೊಂದನ್ನು ಯಾರೂ ಬರೆದಿಲ್ಲ. ಬೈಯುವುದಿದ್ದರೆ ಗೇಟಿನಲ್ಲೇ ನಿಂತು ಬೈಯಿರಿ, ಎಲ್ಲರೂ ಕೇಳಲಿ. ಆದರೆ ಮೊದಲು ಅದನ್ನು ಬರೆದು ಬೈಯಿರಿ.